ಮಂಡಗದ್ದೆಯ ಹಕ್ಕಿ, ಸಾಗರದ ಆಟ: ನಾಲ್ಕು ಕಂಪನಿ ಕ್ಯಾಮೆರಾ ಹಿಡಿದು ನೋಡಿದ್ದು

ಮೊಬೈಲ್ ಸಾಕು, ಇನ್ನು ಕ್ಯಾಮೆರಾ ತಗೋಬೇಕು ಅನ್ನುವವರು ಮೊದಲು ಕೇಳುವುದು ಬಾಡಿಯ ಬಗ್ಗೆ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ಬಗ್ಗೆ. ಎಷ್ಟು ಮೆಗಾಪಿಕ್ಸೆಲ್? ಸೆಕೆಂಡಿಗೆ ಎಷ್ಟು ಫೋಟೋ? ನಾನು ಅವರನ್ನು ತಿರುಗಿ ಕೇಳುವುದು ಒಂದೇ: ಎರಡನೇ ಲೆನ್ಸ್ ಯಾವುದು ತಗೊಳ್ತೀರಿ? ಬಾಡಿಗಳು ಇವತ್ತು ಕ್ಯಾನನ್, ನಿಕಾನ್, ಸೋನಿ, ಫ್ಯೂಜಿ ನಾಲ್ಕರಲ್ಲೂ ಚೆನ್ನಾಗಿವೆ. ಜೊತೆಗೆ ಬರುವ ಕಿಟ್ ಲೆನ್ಸ್ ಕೂಡ ಹೆಚ್ಚು ಕಡಿಮೆ ಒಂದೇ. ಎರಡನೇ ಲೆನ್ಸ್ ಕೊಳ್ಳುವ ದಿನ ದಾರಿ ಬೇರೆ ಬೇರೆಯಾಗುತ್ತೆ. ಒಂದು ಕಂಪನಿಯ ಎರಡು ಲೆನ್ಸ್ ಮನೆಗೆ ಬಂತು ಅಂದರೆ ಮತ್ತೆ ಆಚೆ ಹೋಗುವುದು ಕಷ್ಟ.

ನನ್ನ ಹುಚ್ಚು ಎರಡು. ಮಳೆಗಾಲದಲ್ಲಿ ಮಂಡಗದ್ದೆಯ ಹಕ್ಕಿಗಳು. ಮಳೆ ನಿಂತ ಮೇಲೆ ಸಾಗರ, ಸಿದ್ದಾಪುರದ ಕಡೆಯ ಯಕ್ಷಗಾನ. ಒಂದಕ್ಕೆ ದೂರದ ಲೆನ್ಸ್ ಬೇಕು, ಇನ್ನೊಂದಕ್ಕೆ ಕತ್ತಲೆಯಲ್ಲಿ ಕೆಲಸ ಮಾಡುವ ಲೆನ್ಸ್ ಬೇಕು. ಮನೆ ಮಕ್ಕಳ ಫೋಟೋ, ದೇವಸ್ಥಾನ, ಪ್ರವಾಸ ಇವೆಲ್ಲ ಯಾವ ಕ್ಯಾಮೆರಾದಲ್ಲೂ ಆಗುತ್ತೆ. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ನಾನು ಬಳಸಿ ನೋಡಿದ್ದು ಕ್ಯಾನನ್ ಆರ್10, ನಿಕಾನ್ ಝಡ್50 ಟೂ, ಸೋನಿ ಎ6400, ಫ್ಯೂಜಿ ಎಕ್ಸ್-ಟಿ30 ಟೂ. ಕ್ಯಾನನ್ ಚಿಕ್ಕಪ್ಪನ ಮಗನದ್ದು, ನಿಕಾನ್ ಗೆಳೆಯನದ್ದು. ಉಳಿದೆರಡನ್ನು ಬೆಂಗಳೂರಿನಿಂದ ಬಾಡಿಗೆಗೆ ತಂದೆ. ನಾಲ್ಕೂ ಎಪಿಎಸ್-ಸಿ ಅನ್ನುವ, ಹಳೆಯ ಫಿಲಂ ಅಳತೆಗಿಂತ ಚಿಕ್ಕ ಸೆನ್ಸರ್‌ನವು. ನಾಲ್ಕರಲ್ಲೂ ಬಾಡಿಯೊಳಗೆ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ. ಆದರೆ ವಯಸ್ಸು ಒಂದೇ ಅಲ್ಲ. ಸೋನಿ 2019ರದ್ದು, ಫ್ಯೂಜಿ 2021ರದ್ದು, ಕ್ಯಾನನ್ 2022ರದ್ದು, ನಿಕಾನ್ 2024ರ ಕೊನೆಗೆ ಬಂದದ್ದು. ಹಾಗಾಗಿ ಸೋನಿಗೆ ಸ್ವಲ್ಪ ಅನ್ಯಾಯ ಆಗುತ್ತೆ. ಏನು ಮಾಡೋದು, ಆ ಕಂಪನಿಯ ಹೊಸ ಎ6700ರ ಬೆಲೆಯೇ ಬೇರೆ ಮಟ್ಟದ್ದು.

ಮೊದಲು ಕೈಗೆ ಹೇಗೆ ಕೂರುತ್ತೆ ಅನ್ನುವುದು. ಕ್ಯಾನನ್, ನಿಕಾನ್ ಎರಡರ ಹಿಡಿತವೂ ಆಳವಾಗಿದೆ, ನಾಲ್ಕೂ ಬೆರಳು ಕೂರುತ್ತವೆ. ಸೋನಿ ಚಪ್ಪಟೆ ಡಬ್ಬಿ, ವ್ಯೂಫೈಂಡರ್ ಎಡ ಮೂಲೆಯಲ್ಲಿದೆ. ಬಲಗಣ್ಣಿನಿಂದ ನೋಡುವವರಿಗೆ ಅದು ಸುಖ, ಮೂಗು ಸ್ಕ್ರೀನಿಗೆ ತಾಗಲ್ಲ. ನಾನು ಎಡಗಣ್ಣಿನವನು, ನನಗೆ ಆ ಲಾಭ ಸಿಗಲಿಲ್ಲ. ಫ್ಯೂಜಿ ನಾಲ್ಕರಲ್ಲಿ ಹಗುರ, ಚೆಂದ ಕೂಡ. ದೊಡ್ಡ ಲೆನ್ಸ್ ಹಾಕಿದ ಕೂಡಲೇ ಮುಂದಕ್ಕೆ ವಾಲುತ್ತೆ. ಇನ್ನೊಂದು ವಿಷಯ. ನಿಕಾನ್‌ನಲ್ಲಿ ಲೆನ್ಸ್ ಹಾಕಲು ತಿರುಗಿಸುವ ದಿಕ್ಕು ಮತ್ತು ಝೂಮ್ ತಿರುಗಿಸುವ ದಿಕ್ಕು ಎರಡೂ ಕ್ಯಾನನ್‌ಗೆ ಉಲ್ಟಾ. ಇಬ್ಬರ ಕ್ಯಾಮೆರಾವನ್ನೂ ಅದಲು ಬದಲು ಬಳಸಿದರೆ ಹಕ್ಕಿ ಹತ್ತಿರ ಬರಬೇಕಾದಾಗ ದೂರ ಹೋಗಿರುತ್ತೆ.

ಈಗ ಮಂಡಗದ್ದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ತುಂಗೆಯ ನಡುವೆ ಪುಟ್ಟ ದ್ವೀಪ, ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ದಡದ ವೀಕ್ಷಣಾ ಗೋಪುರದಿಂದಲೇ ಫೋಟೋ ತೆಗೆಯಬೇಕು. ಗೂಡು ಕಟ್ಟುವ ಕಾಲ ಅಂದರೆ ಮಳೆಗಾಲವೇ. ಆಕಾಶ ಬೂದಿ ಬಣ್ಣದಲ್ಲಿರುತ್ತೆ, ಬೆಳಕು ಕಮ್ಮಿ. ಮಲೆನಾಡಿನಲ್ಲಿ ಹಕ್ಕಿ ಫೋಟೋ ತೆಗೆಯುವವರ ಪಾಡೇ ಇದು. ಹಕ್ಕಿ ಇದ್ದಾಗ ಬಿಸಿಲಿಲ್ಲ.

ಇಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡು ಬೇರೆ ಯೋಚನೆ ಮುಂದಿಡುತ್ತವೆ. ಕ್ಯಾನನ್‌ನ ಆರ್‌ಎಫ್ 100-400 ಲೆನ್ಸ್ 635 ಗ್ರಾಂ. ಲೆನ್ಸಿನ ಈ ಅಂಕಿ ಮಿಲಿಮೀಟರಿನದ್ದು, ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ; ಕ್ಯಾನನ್‌ನ ಚಿಕ್ಕ ಸೆನ್ಸರ್ ಲೆಕ್ಕದಲ್ಲಿ ಅದರ 400ರ ನೋಟ 640 ಮಿಲಿಮೀಟರಿಗೆ ಸಮ. ಕುತ್ತಿಗೆಗೆ ನೇತು ಹಾಕಿಕೊಂಡು ಇಡೀ ಬೆಳಗ್ಗೆ ಓಡಾಡಬಹುದು. ಆದರೆ 400ಕ್ಕೆ ಹೋದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/8; ಈ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ. ನಿಕಾನ್‌ನ ಝಡ್ 180-600 ಲೆನ್ಸ್, ಟ್ರೈಪಾಡಿಗೆ ಕೂರಿಸುವ ಕಾಲರ್ ತೆಗೆದರೂ 1955 ಗ್ರಾಂ. ನೋಟ 900 ಮಿಲಿಮೀಟರಿಗೆ ಸಮ, 600ರಲ್ಲಿ ಎಫ್/6.3. ಝೂಮ್ ಮಾಡಿದರೆ ಉದ್ದವಾಗಲ್ಲ, ಹಾಗಾಗಿ ಟ್ರೈಪಾಡ್ ಮೇಲೆ ತೂಕ ಕದಲಲ್ಲ.

ಮೋಡದ ಬೆಳಗ್ಗೆ ಬೆಳ್ಳಕ್ಕಿಯೊಂದು ಕಡ್ಡಿ ಕಚ್ಚಿಕೊಂಡು ಗೂಡಿಗೆ ಹಾರಿ ಬರುತ್ತಿದೆ ಅಂದುಕೊಳ್ಳಿ. ಹಕ್ಕಿ ಮಬ್ಬಾಗದಿರಲು ಶಟರ್ ತೆರೆದಿರುವುದು ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ಇರಬೇಕು. ಎಫ್/8ರಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟೂ ಫೋಟೋ ಕಾಳು ಕಾಳು) 6400 ಬಂದರೆ, ಅದೇ ಬೆಳಕಲ್ಲಿ ಎಫ್/6.3ಕ್ಕೆ 4000 ಸಾಕು. ಕಾಗದದ ಮೇಲೆ ಇದು ದೊಡ್ಡ ವ್ಯತ್ಯಾಸ ಅಲ್ಲ. ನಿಜವಾದ ವ್ಯತ್ಯಾಸ ಮನೆಗೆ ಬಂದು ಕತ್ತರಿಸುವಾಗ ಕಾಣುತ್ತೆ. ಕ್ಯಾನನ್ ಫೋಟೋದಲ್ಲಿ ಹಕ್ಕಿ ಚಿಕ್ಕದು, ಕ್ರಾಪ್ ಮಾಡಬೇಕು, ಮಾಡಿದರೆ ಕಾಳು ಕಾಳು ಎದ್ದು ಕಾಣುತ್ತೆ. ನಿಕಾನ್ ಫೋಟೋದಲ್ಲಿ ಹಕ್ಕಿ ಮೊದಲೇ ದೊಡ್ಡದಾಗಿದೆ. ಸುಮ್ನೆ ಹೇಳ್ತಿಲ್ಲ, ಗೆಳೆಯನ ಫೋಟೋಗಳೇ ನನ್ನವಕ್ಕಿಂತ ಚೆನ್ನಾಗಿ ಬಂದವು.

ಹಾಗಾದರೆ ನಿಕಾನ್ ಗೆದ್ದಿತಾ? ಹಕ್ಕಿಯೊಂದನ್ನೇ ನೋಡಿದರೆ ಹೌದು. ಆದರೆ ಅವನು ಆ ಲೆನ್ಸನ್ನು ಕಾರಿನಲ್ಲಿ ತರುತ್ತಾನೆ, ಟ್ರೈಪಾಡ್ ಜೊತೆ ತರುತ್ತಾನೆ. ಬರೀ ಹಕ್ಕಿಗೆ ಅಂತಲೇ ಮನೆಯಿಂದ ಹೊರಡುತ್ತಾನೆ. ನಾನು ಬೈಕಿನವನು. ಬಾಡಿ ಸೇರಿ ಎರಡೂವರೆ ಕೆಜಿ ಬೆನ್ನಿಗೆ ಹಾಕಿಕೊಂಡು ಘಟ್ಟದ ಮಳೆಯಲ್ಲಿ ಹೋಗುವುದು ನನಗೆ ಸರಿಹೋಗಲಿಲ್ಲ. ನಿಕಾನ್‌ನಲ್ಲೂ ಹಗುರದ್ದು ಇಲ್ಲ ಅಂತಲ್ಲ. 2024ರಲ್ಲಿ 28-400 ಬಂತು, 725 ಗ್ರಾಂ. ಅದೂ ಕೊನೆಗೆ ಎಫ್/8. ಬೆಲೆ ಕ್ಯಾನನ್‌ನ 100-400ಕ್ಕಿಂತ ಬಹಳ ಜಾಸ್ತಿ.

ಹಕ್ಕಿ ಗುರುತಿಸುವ ಫೋಕಸ್ ಕ್ಯಾನನ್, ನಿಕಾನ್ ಎರಡರಲ್ಲೂ ಇದೆ. ಕೊಂಬೆ ಎಲೆಗಳ ನಡುವೆ ಕೂತ ನೀರುಕಾಗೆಯ ಕಣ್ಣನ್ನು ಎರಡೂ ಹುಡುಕುತ್ತವೆ. ಕ್ಯಾನನ್ ಮೆಕ್ಯಾನಿಕಲ್ ಶಟರಿನಲ್ಲೇ ಸೆಕೆಂಡಿಗೆ 15 ಫೋಟೋ ತೆಗೆಯುತ್ತೆ. ರಾ ಫೈಲ್, ಅಂದರೆ ಸೆನ್ಸರ್ ಕೊಟ್ಟ ಹಾಗೇ ಉಳಿಸುವ ದೊಡ್ಡ ಫೈಲ್ ಆದರೆ ಸುಮಾರು ಎರಡು ಸೆಕೆಂಡಿಗೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ನಿಲ್ಲುತ್ತೆ. ಅದಕ್ಕೇ ಹಕ್ಕಿ ಹಾರಲು ಶುರು ಮಾಡಿದ ಕೂಡಲೇ ಬಟನ್ ಒತ್ತಿ ಹಿಡಿಯಬಾರದು, ಗೂಡಿನ ಹತ್ತಿರ ಬಂದಾಗ ಒತ್ತಬೇಕು. ಎಲೆಕ್ಟ್ರಾನಿಕ್ ಶಟರಿನಲ್ಲಿ ವೇಗ ಇನ್ನೂ ಜಾಸ್ತಿ, ಆದರೆ ಬಡಿಯುವ ರೆಕ್ಕೆ ಸೊಟ್ಟ ಬರುತ್ತೆ. ಹಕ್ಕಿಗೆ ಅದನ್ನು ಮರೆತುಬಿಡಿ.

ಸೋನಿ ಎ6400ರಲ್ಲಿ ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯ ಇಲ್ಲ. ಅದರ ಟ್ರ್ಯಾಕಿಂಗ್ ಮಾತ್ರ ಇವತ್ತಿಗೂ ಗಟ್ಟಿ. ಜೊತೆಗೆ ಬಾಡಿಗೆಗೆ ತಂದ 70-350 ಲೆನ್ಸ್ 625 ಗ್ರಾಂ, ಕೊನೆಗೆ ಎಫ್/6.3. ತೂಕ ಕ್ಯಾನನ್‌ನಷ್ಟೇ, ಬೆಳಕು ನಿಕಾನ್‌ನಷ್ಟು, ದೂರ ಮಾತ್ರ ಕ್ಯಾನನ್‌ಗಿಂತ ಸ್ವಲ್ಪ ಕಡಿಮೆ. ನಿಜ ಹೇಳಬೇಕೆಂದರೆ ಮಂಡಗದ್ದೆಗೆ ಅತಿ ಜಾಣ ಲೆನ್ಸ್ ಇದೇ. ಫ್ಯೂಜಿಯ 70-300 ಇನ್ನೂ ಹಗುರ, 580 ಗ್ರಾಂ, ಎಫ್/5.6. ಆದರೆ ಆ ಬಾಡಿ ಹಾರುವ ಹಕ್ಕಿಯ ಹಿಂದೆ ಓಡಲ್ಲ. ರೆಕ್ಕೆ ಹರಡಿಕೊಂಡು ಒಣಗಿಸುತ್ತಾ ಕೂತ ಹಾವಕ್ಕಿಗೆ ಸಾಕು.

ಫ್ಯೂಜಿಯ ಒಂದು ಗುಣ ಮಾತ್ರ ಇಲ್ಲೇ ಮನಸ್ಸಿಗೆ ಬಂತು. ಕಡು ಹಸಿರು ಮರದ ಮುಂದೆ ಬಿಳಿ ಬೆಳ್ಳಕ್ಕಿ ಕೂತರೆ ಎಲ್ಲ ಕ್ಯಾಮೆರಾವೂ ಕತ್ತಲೆ ಅಂದುಕೊಂಡು ಬೆಳಕು ಹೆಚ್ಚಿಸುತ್ತವೆ. ಹಕ್ಕಿ ಸುಣ್ಣ ಬಳಿದ ಗೋಡೆಯಾಗುತ್ತೆ, ಒಂದು ಗರಿಯೂ ಕಾಣಲ್ಲ. ಎಕ್ಸ್‌ಪೋಷರ್ ಇಳಿಸಬೇಕು. ಫ್ಯೂಜಿಯಲ್ಲಿ ಅದಕ್ಕೆಂದೇ ಮೇಲೆ ಚಕ್ರ ಇದೆ, ಹೆಬ್ಬೆರಳಲ್ಲಿ ಒಂದು ಕಡೆ ತಿರುಗಿಸಿದರೆ ಮುಗಿಯಿತು. ಶಟರ್ ವೇಗಕ್ಕೂ ಪ್ರತ್ಯೇಕ ಚಕ್ರ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ ಅನ್ನಿಸಿತು.

ಯಕ್ಷಗಾನಕ್ಕೆ ಬಂದರೆ ಆಟವೇ ಬದಲಾಗುತ್ತೆ. ರಂಗಸ್ಥಳದ ಬೆಳಕು ಎದುರಿನಿಂದ ಚೆನ್ನಾಗಿರುತ್ತೆ, ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಕತ್ತಲೆ. ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಮಂಡಿ ಕುಣಿತ, ಅಂದರೆ ಮಂಡಿಯೂರಿ ಸುತ್ತುವ ಕುಣಿತ ಶುರುವಾದರೆ ಸೆಕೆಂಡಿನ ಐನೂರರ ಒಂದು ಭಾಗಕ್ಕಿಂತ ನಿಧಾನದ ಶಟರ್ ನಡೆಯಲ್ಲ. ಕಿಟ್ ಲೆನ್ಸ್ ಇಲ್ಲಿ ಕೈ ಎತ್ತುತ್ತೆ, ಯಾವ ಕಂಪನಿಯದ್ದಾದರೂ ಅಷ್ಟೇ.

ಎಲ್ಲ ಕಂಪನಿಯವರೂ ಜಾಹೀರಾತಿನಲ್ಲಿ ಹೊಗಳುವ ಕಣ್ಣಿನ ಫೋಕಸ್ ಇಲ್ಲಿ ತಮಾಷೆ ಮಾಡಿತು. ಬಣ್ಣ ಹಚ್ಚಿ, ಮೀಸೆ ಬರೆದು, ಕಿರೀಟ ಕಟ್ಟಿದ ರಾಕ್ಷಸ ವೇಷ ಎದುರಿಗೇ ಇದೆ. ಕ್ಯಾಮೆರಾ ಅದನ್ನು ಮುಖ ಅಂತಲೇ ಒಪ್ಪಲ್ಲ. ಹಿಂದೆ ಕೂತು ಹಾಡುವ ಭಾಗವತರ ಬರಿ ಮುಖ ಹುಡುಕಿ ಅಲ್ಲಿಗೆ ಹೋಗಿ ಕೂರುತ್ತೆ. ಮನೆಗೆ ಬಂದು ನೋಡಿದರೆ ಭಾಗವತರು ಸ್ಪಷ್ಟ, ರಾಕ್ಷಸ ಮಬ್ಬು. ಕ್ಯಾನನ್‌ನಲ್ಲಿ ಇದು ಜಾಸ್ತಿ ಆಯಿತು, ನಿಕಾನ್‌ನಲ್ಲಿ ಸ್ವಲ್ಪ ಕಡಿಮೆ. ಮುಖ ಗುರುತಿಸುವುದನ್ನು ಆಫ್ ಮಾಡಿ, ಕಿರೀಟದ ಮೇಲೆ ಚೌಕ ಇಟ್ಟು ಟ್ರ್ಯಾಕ್ ಮಾಡಿದರೆ ಎರಡೂ ಸರಿಹೋದವು. ಈ ಕೆಲಸದಲ್ಲಿ ಹಳೆಯ ಸೋನಿಯೇ ಮುಂದು. ಕಿರೀಟಕ್ಕೆ ಒಮ್ಮೆ ಅಂಟಿಕೊಂಡರೆ ವೇಷ ಗಿರಕಿ ಹೊಡೆದರೂ ಬಿಡಲಿಲ್ಲ.

ಸೈಲೆಂಟ್ ಶಟರ್ (ಅದೇ ಎಲೆಕ್ಟ್ರಾನಿಕ್ ಶಟರ್) ಹಾಕಬೇಡಿ. ಎಲ್‌ಇಡಿ ದೀಪದಡಿ ಫೋಟೋ ಮೇಲೆ ಅಡ್ಡ ಪಟ್ಟೆ ಬರುತ್ತೆ. ಅಷ್ಟಕ್ಕೂ ಚೆಂಡೆ ಬಡಿಯುವಾಗ ನಿಮ್ಮ ಶಟರ್ ಶಬ್ದ ಯಾರಿಗೆ ಕೇಳುತ್ತೆ, ಅಲ್ವಾ?

ಬಣ್ಣದ ವಿಷಯದಲ್ಲಿ ಫ್ಯೂಜಿಗೆ ಅಭಿಮಾನಿಗಳು ಬಹಳ. ವೆಲ್ವಿಯಾ, ಪ್ರೊವಿಯಾ, ಆಸ್ಟಿಯಾ ಹೀಗೆ ತಮ್ಮ ಹಳೆಯ ಫಿಲಂಗಳ ಹೆಸರಿನಲ್ಲೇ ಬಣ್ಣದ ಆಯ್ಕೆ ಕೊಟ್ಟಿದ್ದಾರೆ. ಮಳೆಯಲ್ಲಿ ತೊಯ್ದ ಅಡಿಕೆ ತೋಟಕ್ಕೆ ವೆಲ್ವಿಯಾ ಹಾಕಿ ನೋಡಿ, ಎಡಿಟ್ ಮಾಡುವುದೇ ಬೇಡ. ಆದರೆ ಯಕ್ಷಗಾನದ ಕೆಂಪು ದಗಲೆಗೆ (ವೇಷದ ಅಂಗಿಗೆ) ವೆಲ್ವಿಯಾ ಹಾಕಿದರೆ ಬಟ್ಟೆಯ ನೆರಿಗೆಯೆಲ್ಲ ಮಾಯ, ಬರೀ ಕೆಂಪು ಮುದ್ದೆ. ಆಸ್ಟಿಯಾಕ್ಕೆ ಬದಲಿಸಿದೆ, ಬಚಾವಾಯಿತು. ಜನರ ಮುಖಕ್ಕೆ ಕ್ಯಾನನ್‌ನ ಬಣ್ಣ ನನಗೆ ಇಷ್ಟ, ಇದು ಸ್ವಂತ ರುಚಿ. ರಾ ಫೈಲ್ ತೆಗೆದು ಕಂಪ್ಯೂಟರಿನಲ್ಲಿ ಬಣ್ಣ ಕೂರಿಸುವವರಿಗೆ ಈ ಜಗಳವೇ ಇಲ್ಲ.

ಕತ್ತಲೆಯ ಲೆನ್ಸ್ ವಿಷಯದಲ್ಲಿ ಕೆಲವು ವರ್ಷದ ಹಿಂದೆ ಸೋನಿ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು. 2010ರಲ್ಲಿ ಬಂದ ಅದರ ಇ ಮೌಂಟಿಗೆ (ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿಗೆ) ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಗಳ ಲೆನ್ಸ್‌ಗಳು ರಾಶಿ ಇವೆ. ಸಿಗ್ಮಾದ 18-50 ಎಫ್/2.8 ಲೆನ್ಸ್ ಬರೀ 290 ಗ್ರಾಂ, ಯಕ್ಷಗಾನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕ್ಯಾನನ್ ತನ್ನ ಆರ್‌ಎಫ್ ಮೌಂಟಿನ ಬಾಗಿಲನ್ನು ಎಪಿಎಸ್-ಸಿ ಲೆನ್ಸ್ ಮಾಡುವ ಈ ಕಂಪನಿಗಳಿಗೆ ತೆರೆದದ್ದು 2024ರಲ್ಲಿ. ಈಗ ಅದೇ 18-50 ಕ್ಯಾನನ್‌ಗೂ ಸಿಗುತ್ತೆ, ಫ್ಯೂಜಿಗೂ ಸಿಗುತ್ತೆ. ಸಿಗ್ಮಾದ 56 ಎಫ್/1.4 ಅಂತೂ ನಿಕಾನ್ ಸೇರಿ ನಾಲ್ಕಕ್ಕೂ ಇದೆ. ಹೊಸದು ಕೊಳ್ಳುವವರಿಗೆ ಅಂತರ ಕಡಿಮೆಯಾಗಿದೆ. ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಮಾತ್ರ ಸೋನಿಯೇ ಲಾಭ, ಲೆನ್ಸ್‌ಗಳು ಮಾರುಕಟ್ಟೆಗೆ ಬಂದು ಬಹಳ ಕಾಲ ಆಗಿದೆ.

ನನ್ನ ಲೆಕ್ಕ ಬದಲಿಸಿದ್ದು ಇನ್ನೊಂದು ವಿಷಯ. ನಮ್ಮ ಸೋದರಮಾವ ಹಿಂದೆ ಸ್ಟುಡಿಯೋ ಇಟ್ಟಿದ್ದರು. ಅವರ ಬೀರುವಿನಲ್ಲಿ ಎರಡು ಹಳೆಯ ಲೆನ್ಸ್ ಇದ್ದವು. ಒಂದು ಕ್ಯಾನನ್ ಇಎಫ್ 50 ಎಫ್/1.8, 1990ರ ಮಾದರಿ. ಇನ್ನೊಂದು ನಿಕಾನ್ 50 ಎಫ್/1.8ಡಿ. ಎರಡಕ್ಕೂ, ಹಳೆಯ ಲೆನ್ಸನ್ನು ಹೊಸ ಬಾಡಿಗೆ ಕೂರಿಸುವ ಅಡಾಪ್ಟರ್ ತಂದು ಹಾಕಿದೆವು. ಕ್ಯಾನನ್ ಲೆನ್ಸ್ ಆರ್10 ಮೇಲೆ ತಕ್ಷಣ ಆಟೋಫೋಕಸ್ ಮಾಡಿತು. ಇಎಫ್ ಲೆನ್ಸ್‌ಗಳಲ್ಲಿ 1987ರಿಂದಲೇ ಮೋಟಾರ್ ಲೆನ್ಸಿನೊಳಗೆ ಇದೆ. ನಿಕಾನ್‌ನ ಡಿ ಲೆನ್ಸಿಗೆ ಬಾಡಿಯಲ್ಲಿ ಮೋಟಾರ್ ಬೇಕು, ಎಫ್‌ಟಿಝಡ್ ಅಡಾಪ್ಟರಿನಲ್ಲಿ ಅದು ಇಲ್ಲ. ಕೈಯಲ್ಲಿ ತಿರುಗಿಸಿ ಫೋಕಸ್ ಮಾಡಬೇಕು. ಮಂಡಿ ಕುಣಿತಕ್ಕೆ ಆಗುವ ಮಾತಲ್ಲ. ಒಳಗೇ ಮೋಟಾರ್ ಇರುವ ನಿಕಾನ್‌ನ ಎಎಫ್-ಎಸ್ ಲೆನ್ಸ್ ನಿಮ್ಮ ಮನೆಯಲ್ಲಿದ್ದರೆ ಈ ತೊಂದರೆ ಇಲ್ಲ.

ಹಾಗಾಗಿ ನಾನು ಕ್ಯಾನನ್ ಆರ್10 ಕಡೆ ಹೋದೆ. ಹಗುರದ 100-400, ಮಾವನ 50, ಮುಂದೆ ದುಡ್ಡು ಕೂಡಿದಾಗ ಸಿಗ್ಮಾ 18-50. ಎಫ್/8 ಇನ್ನೂ ಕಾಡುತ್ತೆ, ಮಳೆ ದಟ್ಟವಾದರೆ ಕ್ಯಾಮೆರಾ ಒಳಗಿಡುತ್ತೇನೆ. ಮನೆಯಲ್ಲಿ ಹಳೆಯ ಲೆನ್ಸ್ ಇಲ್ಲದೆ ಹೊಸದಾಗಿ ಶುರು ಮಾಡುವವರಿಗೆ, ಎರಡೂ ಹುಚ್ಚು ಇರುವವರಿಗೆ ಸೋನಿ 70-350 ಮತ್ತು ಸಿಗ್ಮಾ 18-50 ಜೋಡಿಯನ್ನೇ ಹೇಳುತ್ತೇನೆ. ಹಕ್ಕಿಗಾಗಿಯೇ ಬದುಕುವವರು ನಿಕಾನ್ ತಗೊಳ್ಳಲಿ, ಜೊತೆಗೆ ಟ್ರೈಪಾಡಿಗೂ ದುಡ್ಡು ಎತ್ತಿಡಲಿ. ಊರು, ಜನ, ಪ್ರವಾಸ, ಒಂದೇ ಚಿಕ್ಕ ಲೆನ್ಸ್ ಸಾಕು ಅನ್ನುವವರು ಫ್ಯೂಜಿ ಬಿಟ್ಟು ಬೇರೆ ನೋಡುವ ಅಗತ್ಯ ಇಲ್ಲ.

ನಿಮ್ಮ ಊರಿನ ಗೆಳೆಯರ ಹತ್ತಿರ ಯಾವ ಕಂಪನಿ ಇದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಣ್ಣ ಊರಲ್ಲಿ ಬಾಡಿಗೆಗೆ ಲೆನ್ಸ್ ಸಿಗುವುದು ಕಷ್ಟ, ಗೆಳೆಯರಲ್ಲಿ ಒಂದು ಭಾನುವಾರದ ಮಟ್ಟಿಗೆ ಕೇಳಿ ತರಬಹುದು. ಮತ್ತೆ ಮಲೆನಾಡು, ಕರಾವಳಿಯವರು ಯಾವ ಕಂಪನಿ ತಗೊಂಡರೂ ಲೆನ್ಸನ್ನು ಚರ್ಮದ ಚೀಲದಲ್ಲಿ ಇಟ್ಟು ಮರೆಯಬೇಡಿ. ಜುಲೈ ಮುಗಿಯುವುದರೊಳಗೆ ಗಾಜಿನ ಒಳಗೆ ಬೂಸ್ಟು ಹಿಡಿಯುತ್ತೆ. ಅಕ್ಕಿ ಡಬ್ಬಿಯಲ್ಲೂ ಬೇಡ, ಅದರ ಪುಡಿ ಝೂಮ್ ಒಳಗೆ ಹೋಗುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್ ಇಟ್ಟುಕೊಳ್ಳಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಂತರೆ ಸರಿ.