ಶೇ. 100 ರೇಟಿಂಗಾ, ಟಿಡಿಐಯುನಾ?

ಸೇವೆಯಿಂದಾದ ಗಾಯ, ಕಾಯಿಲೆ ಎಷ್ಟು ತೀವ್ರ ಅಂತ ಅಮೆರಿಕದ ಮಾಜಿ ಸೈನಿಕರ ಇಲಾಖೆ (ವಿಎ) ಶೇಕಡಾ ಲೆಕ್ಕದಲ್ಲಿ ರೇಟಿಂಗ್ ಕೊಟ್ಟು, ಅದರಂತೆ ಪರಿಹಾರ ಕೊಡುತ್ತದೆ. ರೇಟಿಂಗ್ ಶೇ. 100 ಮುಟ್ಟದಿದ್ದರೂ ದುಡಿಯಲಾಗದವರಿಗೆ ಪೂರ್ತಿ ದರ ಕೊಡುವುದೇ ಟಿಡಿಐಯು. ಎರಡರಲ್ಲೂ ತಿಂಗಳ ಹಣ ಶೇ. 100ರ ದರದಲ್ಲೇ ಬರುತ್ತದೆ. ವ್ಯತ್ಯಾಸ ಇರುವುದು ದುಡಿಮೆಯಲ್ಲಿ.

ಶೇ. 100 ರೇಟಿಂಗ್ ಸಿಕ್ಕವರು ಸಾಮಾನ್ಯವಾಗಿ ಕೆಲಸಕ್ಕೂ ಹೋಗಬಹುದು. ಟಿಡಿಐಯು ಹಾಗಲ್ಲ. ಒಂದೇ ತೊಂದರೆಗೆ ಶೇ. 60, ಇಲ್ಲವೇ ಹಲವು ಸೇರಿ ಶೇ. 70 (ಒಂದಕ್ಕಾದರೂ ಶೇ. 40) ಇದ್ದು, ಹೊಟ್ಟೆಪಾಡಿನ ಕೆಲಸ ಮಾಡಲಾಗದವರಿಗೆ ಅದು. ಮತ್ತೆ ಚೆನ್ನಾಗಿ ದುಡಿಯತೊಡಗಿದರೆ ಕೈತಪ್ಪಬಹುದು. ಸ್ವಲ್ಪ ಶಕ್ತಿ ಉಳಿದಿದ್ದರೂ ಮೊದಲು ಶೇ. 100ಕ್ಕೇ ಪ್ರಯತ್ನಿಸಿ ಅನ್ನುತ್ತೇನೆ.

‘ಪರ್ಮನೆಂಟ್’ ಅನ್ನೋದು ಬೇರೆ, ಎರಡಕ್ಕೂ ಸೇರಬಹುದು. ವಾಸಿಯಾಗುವ ಲಕ್ಷಣವಿಲ್ಲ ಅಂತ ವಿಎ ಒಪ್ಪಿದ ಹಾಗೆ. ಆಗ ಮರುತಪಾಸಣೆಗೆ ಸುಮ್ನೆ ಕರೆಯುವುದಿಲ್ಲ. ಟ್ರೈಕೇರ್ (ಸೇನೆಯ ಆರೋಗ್ಯ ವಿಮೆ) ಇಲ್ಲದ ಮನೆಯವರಿಗೆ ಚಾಂಪ್‌ವಿಎ ಆರೋಗ್ಯ ನೆರವು, ಮಕ್ಕಳ ಓದಿಗೆ ಚಾಪ್ಟರ್ 35 ಎಂಬ ಶಿಕ್ಷಣ ನೆರವಿನ ಹಣ ಸಿಗುತ್ತವೆ. ತೀರ್ಪಿನ ಪತ್ರ ಬಂದಾಗ ಮೊತ್ತ ನೋಡಿ ಮಡಚಿಡಬೇಡಿ. ‘ಅವಲಂಬಿತರ ಶಿಕ್ಷಣ ನೆರವಿಗೆ ಅರ್ಹತೆ ಇದೆ’ ಎಂಬರ್ಥದ ಸಾಲು ಹುಡುಕಿ. ‘ಪರ್ಮನೆಂಟ್’ ಸಿಕ್ಕಿದೆ ಅನ್ನೋದಕ್ಕೆ ಅದೇ ಸುಳಿವು.