ತೋರಣಗಲ್ಲಿನ ವಿಮಾನ ನಿಲ್ದಾಣ: ಪ್ರಯಾಣಿಕರಿಗೆ ಹಿತ, ಲೆಕ್ಕದ ಪುಸ್ತಕಕ್ಕೆ ಭಾರ

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಪುಟ್ಟ ಗಾತ್ರ. ಕಾರಿನಿಂದ ಇಳಿದು ಒಳಹೊಕ್ಕರೆ ಕೌಂಟರ್, ಅದರಾಚೆ ತಪಾಸಣೆ, ಅದನ್ನು ದಾಟಿದರೆ ಕೂರುವ ಜಾಗ. ಬೆಂಗಳೂರಿನಲ್ಲಿ ಗೇಟು ಮುಟ್ಟುವಷ್ಟರಲ್ಲಿ ಕಾಲು ಸೋಲುತ್ತದಲ್ಲ, ಆ ಗೋಳು ಇಲ್ಲಿಲ್ಲ. ಮಂಡಿನೋವಿನ ಅತ್ತೆಯವರನ್ನು ಬೆಂಗಳೂರಿನ ವೈದ್ಯರಿಗೆ ತೋರಿಸಲು ಕರೆದೊಯ್ಯುವ ನನ್ನಂಥವಳಿಗೆ ಇದಕ್ಕಿಂತ ಹೆಚ್ಚಿನ ಸೌಕರ್ಯ ಬೇಕಿಲ್ಲ.

ನಾವು ಹತ್ತಿದ್ದು ಎರಡು ಪಂಖಗಳ ಎಟಿಆರ್, ಎಪ್ಪತ್ತರ ಆಸುಪಾಸು ಆಸನಗಳದ್ದು. ಇದಕ್ಕೆ ಬೇರೆ ಏಣಿ ತರುವ ಗೋಜಿಲ್ಲ. ಹಿಂಬದಿಯ ಬಾಗಿಲೇ ಕೆಳಕ್ಕೆ ಮಗುಚಿ ಮೆಟ್ಟಿಲಾಗುತ್ತದೆ. ಅತ್ತೆಯವರು ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಂತು ಹತ್ತಿದರು. ಹಿಂದೆ ಸಾಲು ಬೆಳೆಯುತ್ತಿದ್ದರೂ ಸಿಬ್ಬಂದಿಯ ಹುಡುಗಿ, ‘ಅವಸರ ಬೇಡ ಅಜ್ಜಿ, ನೀವು ಕೂರದೆ ಹೊರಡುವುದಿಲ್ಲ’ ಎಂದಳು. ಸೇವೆಗೆ ಪೂರ್ತಿ ಅಂಕ.

ನನ್ನದು ಲೆಕ್ಕ ಬರೆಯುವ ಕಸುಬು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಸಲ್ಲಿಸಿ, ಎಲ್ಲಿ ಕೂತರೂ ಇದರ ಖರ್ಚು ಯಾರ ತಲೆಗೆ ಎಂಬ ಯೋಚನೆ ಬಿಡುವುದಿಲ್ಲ. ದಿನಕ್ಕೆ ಒಂದು ವಿಮಾನ ಇಳಿಯಲಿ, ಹತ್ತು ಇಳಿಯಲಿ, ಅಗ್ನಿಶಾಮಕ ವಾಹನ ಸಿಬ್ಬಂದಿ ಸಮೇತ ಸನ್ನದ್ಧವಾಗಿರಬೇಕು. ಆ ವ್ಯವಸ್ಥೆ ಎಷ್ಟು ದೊಡ್ಡದಿರಬೇಕು ಎಂಬುದು ಇಳಿಯುವ ವಿಮಾನದ ಉದ್ದವನ್ನು ನೋಡಿ ನಿಗದಿಯಾಗುತ್ತದೆ. ಒಳಗೆ ಎಷ್ಟು ಜನ ಇದ್ದಾರೆ ಎಂದು ಯಾರೂ ಕೇಳುವುದಿಲ್ಲ. ರನ್‌ವೇ ದುರಸ್ತಿ, ದೀಪ, ಬೇಲಿ, ಕಾವಲು ಎಲ್ಲವೂ ಹೀಗೇ. ಇನ್ನು ಜಮೆಯ ಕಡೆ ನೋಡಿ. ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಕೇಂದ್ರದ ಉಡಾನ್ ಯೋಜನೆಯ ವಿಮಾನಕ್ಕೆ ಇಳಿಯುವ ಶುಲ್ಕವೂ ಇಲ್ಲ, ನಿಲ್ಲುವ ಶುಲ್ಕವೂ ಇಲ್ಲ. ಇಂಧನದ ಮೇಲಿನ ವ್ಯಾಟ್ ಶೇ 1ಕ್ಕೆ ಇಳಿಸಿ, ಭದ್ರತೆ ಮತ್ತು ಅಗ್ನಿಶಾಮಕ ಸೇವೆಯನ್ನು ಉಚಿತವಾಗಿ ಕೊಡುವುದು ರಾಜ್ಯಗಳ ಪಾಲಿನ ಹೊಣೆ. ದೊಡ್ಡ ನಿಲ್ದಾಣಗಳನ್ನು ಸಾಕುವುದು ಅಂಗಡಿ ಬಾಡಿಗೆ, ಜಾಹೀರಾತು, ಪಾರ್ಕಿಂಗ್. ದಿನಕ್ಕೆ ನೂರು ಚಿಲ್ಲರೆ ಜನ ಬಂದುಹೋಗುವಲ್ಲಿ ಚಹಾ ಮಾರಿ ಎಷ್ಟು ಹುಟ್ಟೀತು? ಮದುವೆ ಛತ್ರ ಕಟ್ಟಿಸಿ ವರ್ಷಕ್ಕೆ ಎರಡೇ ಮದುವೆ ಹಿಡಿದಂತೆ.

ಆದರೂ ತೋರಣಗಲ್ಲು ಉಳಿದುಕೊಂಡಿದೆ. ಕಾರಣ ಸರಳ: ಇದು ಉಕ್ಕಿನ ಕಾರ್ಖಾನೆಯವರ ಸ್ವಂತ ನಿಲ್ದಾಣ. 2017ರಲ್ಲಿ ಉಡಾನ್ ವಿಮಾನ ಬರುವ ಮೊದಲೂ ಅವರಿಗೆ ರನ್‌ವೇ ಬೇಕಿತ್ತು, ನಾಳೆ ನಮ್ಮಂಥವರು ಬಾರದಿದ್ದರೂ ಬೇಕು. ನಾವು ಕೊಡುವ ಟಿಕೆಟ್ ಹಣ ಆ ಖರ್ಚಿನ ಅಂಚಿಗೂ ತಾಗುವುದಿಲ್ಲವೆಂದೇ ನನ್ನ ಅಂದಾಜು. ಕೊಪ್ಪಳದ ಗಿಣಿಗೇರಿ ಬಳಿಯ ಏರ್‌ಸ್ಟ್ರಿಪ್ಪೂ ಖಾಸಗಿಯವರದೇ. ಬಳ್ಳಾರಿಗೆಂದು ಚಾಗನೂರು–ಸಿರಿವಾರದ ರೈತರಿಂದ ನೂರಾರು ಎಕರೆ ಪಡೆದ ಯೋಜನೆಯ ಮಾತೆತ್ತಿದಾಗಲೂ, ರಾಯಚೂರಿನ ಯರಮರಸ್ ನಿಲ್ದಾಣದ ಮಾತೆತ್ತಿದಾಗಲೂ ಎಲ್ಲರೂ ಕಟ್ಟುವ ಖರ್ಚನ್ನೇ ಹೇಳುತ್ತಾರೆ. ಐದನೇ ವರ್ಷದ ಸಂಬಳದ ಬಿಲ್ಲನ್ನು ಯಾರು ಪಾವತಿಸುತ್ತಾರೆ ಎಂದು ನಾನು ಕೇಳಿದರೆ ನಮ್ಮ ಯಜಮಾನರೇ, ‘ನಿನಗೆ ಅಭಿವೃದ್ಧಿ ಬೇಡವೇ?’ ಎಂದು ಮುಖ ಗಂಟಿಕ್ಕುತ್ತಾರೆ.

ಬೇಕು. ಆದರೆ ಉಡಾನ್ ಕುರಿತು ಸರ್ಕಾರಿ ಲೆಕ್ಕ ತಪಾಸಿಸುವ ಸಿಎಜಿ ಕೊಟ್ಟ 2023ರ ವರದಿಯನ್ನು ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ, ವಿಮಾನ ಕಂಪನಿಗೆ ನಷ್ಟ ತುಂಬಿಕೊಡುವ ಮೂರು ವರ್ಷದ ರಿಯಾಯಿತಿ ಅವಧಿ ಮುಗಿಸಿದ್ದು 112. ಆ ಹಣ ನಿಂತ ಮೇಲೂ, 2023ರ ಮಾರ್ಚ್‌ವರೆಗೆ ಹಾರುತ್ತಿದ್ದದ್ದು 54. ಬೀದರ್‌ನಿಂದ ಬೆಂಗಳೂರಿಗೆ 2023ರ ಕೊನೆಯಲ್ಲಿ ನಿಂತ ವಿಮಾನ 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿದ್ದು ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಬಳಿಕ. ಕಲಬುರಗಿಯವರು ಪೈಲಟ್ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿದ್ದಾರೆ. ಅದು ನನಗೆ ಜಾಣತನವೆನಿಸುತ್ತದೆ. ಹ್ಯಾಂಗರ್ ಬಾಡಿಗೆ, ಇಂಧನ ಮಾರಾಟ, ಊರಲ್ಲಿ ಉಳಿಯುವ ವಿದ್ಯಾರ್ಥಿಗಳು. ಪ್ರಯಾಣಿಕರ ವಿಮಾನ ಬಾರದ ದಿನವೂ ರನ್‌ವೇ ಖಾಲಿ ಬಿದ್ದಿರುವುದಿಲ್ಲ.

ನಷ್ಟದ ಮಾರ್ಗದ ಬಿಸಿ ನಮಗೂ ತಟ್ಟಿತು. ಬೆಂಗಳೂರಿನಿಂದ ಮರಳುವ ವಿಮಾನ ರದ್ದಾಗಿದೆ ಎಂದು ವಿಮಾನ ಕಂಪನಿಯ ಸಂದೇಶ ಬಂದಾಗ ನಾವು ಎಕ್ಸ್‌ರೇ ಕೋಣೆಯ ಹೊರಗೆ ಕೂತಿದ್ದೆವು. ಹಣವೇನೋ ಮರಳಿತು. ಆದರೆ ದೊಡ್ಡ ಊರಿನ ಮಾರ್ಗದಲ್ಲಾದರೆ ಎರಡು ಗಂಟೆ ಬಿಟ್ಟು ಇನ್ನೊಂದರಲ್ಲಿ ಕೂರಿಸುತ್ತಾರೆ. ಇಲ್ಲಿ ಆ ಇನ್ನೊಂದು ಎಂಬುದಿಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೆಳಗಿನ ಬರ್ತ್‌ಗಾಗಿ ಟಿಟಿಇ ಹಿಂದೆ ಓಡಾಡಿದ್ದು ನಾನು, ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಅತ್ತೆಯವರು.

ಹಾಗಾಗಿ ಮರುದಿನ ಬೆಳಿಗ್ಗೆ ಕೋರ್ಟು, ಪರೀಕ್ಷೆ, ಶಸ್ತ್ರಚಿಕಿತ್ಸೆ ಇರುವವರು ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಮುಂಚಿನ ದಿನ ವೇಳಾಪಟ್ಟಿ ಮತ್ತೊಮ್ಮೆ ನೋಡಿ. ಬಳ್ಳಾರಿಯಿಂದ ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದರೆ ಟ್ಯಾಕ್ಸಿ ಮುಂದೆ ಸರಿಯುವುದಿಲ್ಲ, ಅರ್ಧ ಗಂಟೆ ಮೊದಲೇ ಹೊರಡಿ. ಹಿರಿಯರಿದ್ದರೆ ಹಿಂದಿನ ಸಾಲಿನ ಆಸನ ಕೇಳಿ; ಎಟಿಆರ್‌ನಲ್ಲಿ ಬಾಗಿಲು ಅಲ್ಲೇ ಇರುತ್ತದೆ.