ನಡಿಗೆ ದಾರಿಯೋ, ಶಾಲೆಯ ಮೈದಾನವೋ?

ಮಕ್ಕಳನ್ನು ನಡೆಸಬೇಕು ಸರಿ, ಎಲ್ಲಿ? ಎಲ್ಲರೂ ಬಳಸುವ ನಡಿಗೆ ದಾರಿ ಮಾಡೋಣವೇ, ಶಾಲೆಯ ಮೈದಾನವೇ ಸಾಕೇ ಅನ್ನುವುದು ನಿಮ್ಮ ಪ್ರಶ್ನೆ.

ಖರ್ಚಿನಲ್ಲಿ ಮೈದಾನವೇ ಹಗುರ. ಶಾಲೆಯ ಹೊತ್ತಲ್ಲೇ ಮಕ್ಕಳು ಓಡುವ, ನಡೆಯುವ ‘ಡೈಲಿ ಮೈಲ್’ ಕಾರ್ಯಕ್ರಮ ಸ್ಕಾಟ್ಲೆಂಡ್‌ನಲ್ಲಿ 2012ರಲ್ಲಿ ಶುರುವಾಯಿತು; ಅದಕ್ಕೆ ಬೇಕಾಗಿದ್ದು ದಿನಕ್ಕೆ 15 ನಿಮಿಷ ಅಷ್ಟೇ. ಸಮವಸ್ತ್ರದಲ್ಲೇ ಓಡಬಹುದು. ದಾರಿಗಾದರೆ ಜಾಗ ಬೇಕು, ನೆಲ ಗಟ್ಟಿ ಮಾಡಬೇಕು, ನೀರು ಹರಿದುಹೋಗಲು ಇಳಿಜಾರು ಕೊಡಬೇಕು. ಆಮೇಲೂ ಬಿಡುವಿಲ್ಲ. ಒಂದು ಮಳೆಗಾಲ ಕಳೆದರೆ ಅಂಚಿನ ಹುಲ್ಲು ಒಳಗೆ ನುಗ್ಗಿರುತ್ತದೆ, ತಗ್ಗಿನಲ್ಲಿ ಕೆಸರು ನಿಂತಿರುತ್ತದೆ.

ಬೇಸರದ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಮೈದಾನದ ಐದನೇ ಸುತ್ತಿಗೆ ಮಕ್ಕಳು ಕಾಲೆಳೆಯುತ್ತಾರೆ, ಅಲ್ವಾ? ದಾರಿಯಲ್ಲಿ ಇರುವೆ ಸಾಲು ನೋಡಲು ಬಗ್ಗುತ್ತಾರೆ, ಮುಂದಿನ ತಿರುವಿಗೆ ಸುಮ್ನೆ ಓಡುತ್ತಾರೆ. ರಜೆಯಲ್ಲಿ ಅಜ್ಜಿಯ ಜೊತೆಗೂ ಬರಬಹುದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆಯ ಹೊತ್ತಲ್ಲೇ ಅಷ್ಟೂ ಮುಗಿಯುವುದು ಕಷ್ಟ.

ನೋಡಿಕೊಳ್ಳಲು ಮೈದಾನಕ್ಕೆ ಒಬ್ಬ ಟೀಚರ್ ಸಾಕು. ದಾರಿಗೆ ಮುಂದೊಬ್ಬರು, ಹಿಂದೊಬ್ಬರು ಬೇಕು.

ಜನ, ದುಡ್ಡು ಎರಡೂ ಕಡಿಮೆ ಇದ್ದರೆ ಮೈದಾನದಿಂದ ಶುರು ಮಾಡಿ. ದಾರಿ ಮನೆ-ಶಾಲೆ ನಡುವೆಯೇ ಹಾದುಹೋಗುವಂತಿದ್ದು, ದೊಡ್ಡ ರಸ್ತೆ ದಾಟುವ ಭಯವಿಲ್ಲದಿದ್ದರೆ ದುಡ್ಡನ್ನು ದಾರಿಗೇ ಹಾಕಿ. ಬರೀ ಬೋರ್ಡ್ ನೆಟ್ಟು ಮರೆಯುವುದಾದರೆ ಮಾತ್ರ ಬೇಡ.